ಕಂಪ್ರೆಸರ್ ಬಳಸುವಾಗ ಸ್ಪ್ಲ್ಯಾಟರ್ ಆಗದಂತೆ ರಿಗ್ ಹೊಂದಿಸುವುದು

ಹ್ಯಾಮ್ ರೇಡಿಯೊದ ಎಸ್‌ಎಸ್‌ಬಿಯಲ್ಲಿ (ಒಂದೇ ಸೈಡ್‌ಬ್ಯಾಂಡ್‌ನಲ್ಲಿ ಮಾತು ಕಳಿಸುವ ವಿಧಾನ) ರಿಗ್‌ನ, ಅಂದರೆ ರೇಡಿಯೊ ಸೆಟ್‌ನ, ಕಂಪ್ರೆಸರ್ (ಮಾತಿನ ಏರಿಳಿತ ತಗ್ಗಿಸುವ ಸರ್ಕ್ಯೂಟ್) ಮಾತಿನ ಸರಾಸರಿ ಪವರನ್ನಷ್ಟೇ ಏರಿಸಬೇಕು, ಪೀಕ್ ಇದ್ದಲ್ಲೇ ಇರಬೇಕು. ಪೀಕ್ ಮಿತಿ ದಾಟಿತೋ, ಫೈನಲ್ ಹಂತದಲ್ಲಿ (ರಿಗ್‌ನ ಕೊನೆಯ ಪವರ್ ಆಂಪ್ಲಿಫೈಯರ್) ಅದರ ತಲೆ ಚಪ್ಪಟೆಯಾಗಿ ಅಕ್ಕಪಕ್ಕದ ಫ್ರೀಕ್ವೆನ್ಸಿಗಳಿಗೆ ಕಸ ಚೆಲ್ಲುತ್ತದೆ; ಇದೇ ಸ್ಪ್ಲ್ಯಾಟರ್. ಈ ಕಸ ಹುಟ್ಟುವುದು ಫಿಲ್ಟರ್ ದಾಟಿದ ಮೇಲೆ. ಹಾಗಾಗಿ ಟ್ರಾನ್ಸ್‌ಮಿಟ್ ಬ್ಯಾಂಡ್‌ವಿಡ್ತ್ ಕಿರಿದು ಮಾಡಿದರೆ ಅದು ಹೋಗುವುದಿಲ್ಲ. 700 ಮತ್ತು 1900 ಹರ್ಟ್ಸ್‌ನ ಎರಡು ಟೋನ್ ಕೊಟ್ಟು ನೋಡಿ: ಓವರ್‌ಡ್ರೈವ್ ಆದ ರಿಗ್‌ನಲ್ಲಿ 3100, 4300, 5500 ಹರ್ಟ್ಸ್‌ನಲ್ಲೂ ಸಿಗ್ನಲ್ ಬಲವಾಗಿ ಎದ್ದು ಕಾಣುತ್ತದೆ.

ಹೊಂದಾಣಿಕೆಯನ್ನು ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಮೇಲೆ, ಕಂಪ್ರೆಸರ್ ಆಫ್ ಮಾಡಿ ಶುರುಮಾಡಿ. ಬ್ಯಾಂಡ್‌ನಲ್ಲಿ ಮಾತಾಡುವ ದನಿಯಲ್ಲೇ, ಅಷ್ಟೇ ದೂರದಿಂದ ಮೈಕ್‌ನಲ್ಲಿ ಮಾತಾಡಿ. ಶಿಳ್ಳೆ ಹಾಕಿ ಹೊಂದಿಸಬೇಡಿ. ಪೀಕ್‌ಗಳಲ್ಲಿ ಮಾತ್ರ ಎಎಲ್‌ಸಿ (ಪೀಕ್ ಮಿತಿ ಮೀರಿದಾಗ ಗೇನನ್ನು ತಾನೇ ಇಳಿಸುವ ಸರ್ಕ್ಯೂಟ್) ಮೀಟರ್‌ನ ಮುಳ್ಳು ಅಲುಗಿ, ಗುರುತಿಸಿದ ವಲಯದೊಳಗೇ ನಿಲ್ಲುವಷ್ಟು ಮೈಕ್ ಗೇನ್ ಇಡಿ. ಈಗ ಕಂಪ್ರೆಸರ್ ಆನ್ ಮಾಡಿ, ಕಂಪ್ರೆಷನ್ ಮೀಟರ್ ಪೀಕ್‌ನಲ್ಲಿ 6 ಡಿಬಿ ತೋರುವವರೆಗೆ ಏರಿಸಿ. 10 ಡಿಬಿ ದಾಟಿದರೆ ಮಾತಿಗಿಂತ ಫ್ಯಾನ್ ಸದ್ದೇ ಮುಂದೆ ಬರುತ್ತದೆ. ಬಹಳ ಜನ ಮರೆಯುವುದು ಇದರ ನಂತರದ ಹೆಜ್ಜೆಯನ್ನು: ಮೀಟರನ್ನು ಮತ್ತೆ ಎಎಲ್‌ಸಿಗೆ ತಿರುಗಿಸಿ ನೋಡಿ. ಕಂಪ್ರೆಸರ್ ಆನ್ ಆದಾಗ ಒಟ್ಟು ಗೇನ್ ಕೂಡ ಏರಿರಬಹುದು. ಏರಿದ್ದರೆ ಕಂಪ್ರೆಸರ್‌ನ ಔಟ್‌ಪುಟ್ ಅಥವಾ ಡ್ರೈವ್ ಇಳಿಸಿ. ಆ ನಾಬ್ ಇಲ್ಲದ ರಿಗ್‌ನಲ್ಲಿ ಮೈಕ್ ಗೇನನ್ನೇ ಇಳಿಸಿ.

ಎಎಲ್‌ಸಿ ಹೇಗೂ ಕಾಪಾಡುತ್ತದೆ ಎಂದು ನಂಬಬೇಡಿ. ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮೊದಲ ಅಕ್ಷರ ಆಂಟೆನಾ ತಲುಪಿರುತ್ತದೆ. ವಾಟ್ ಮೀಟರ್ ಕೂಡ ದಾರಿ ತಪ್ಪಿಸುತ್ತದೆ. ಸಾಮಾನ್ಯ ಮೀಟರ್ ಪೀಕ್ ತೋರಿಸುವುದಿಲ್ಲ; ಮಾತಿಗೆ ಮುಳ್ಳು 100 ವಾಟ್ ಮುಟ್ಟಲಿ ಎಂದು ಗೇನ್ ಏರಿಸುವುದೇ ಸ್ಪ್ಲ್ಯಾಟರ್‌ಗೆ ಅತಿ ಸಾಮಾನ್ಯ ಕಾರಣ. ಮೈಕ್ ಮತ್ತು ರಿಗ್ ನಡುವೆ ಹೊರಗಿನ ಪ್ರೊಸೆಸರ್ ಇದ್ದರೆ ರಿಗ್‌ನ ಕಂಪ್ರೆಸರ್ ಆಫ್ ಮಾಡಿ.

ಪವರ್ ಸಪ್ಲೈ ಕಡೆಗೂ ಗಮನವಿರಲಿ. 100 ವಾಟ್ ರಿಗ್ ಪೀಕ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ತೆಳು ಕೇಬಲ್‌ನಲ್ಲಿ 13.8 ವೋಲ್ಟ್ ಕುಸಿದರೆ, ಉಳಿದೆಲ್ಲ ಸರಿಯಿದ್ದರೂ ಫೈನಲ್ ಬೇಗ ಚಪ್ಪಟೆಯಾಗುತ್ತದೆ.

ಕೊನೆಗೆ ಕಿವಿಯಿಂದ ಪರೀಕ್ಷಿಸಿ. ಇನ್ನೊಂದು ರಿಸೀವರನ್ನು ಆಂಟೆನಾ ತೆಗೆದು, ಪ್ರಿಆಂಪ್ ಮತ್ತು ನಾಯ್ಸ್ ಬ್ಲ್ಯಾಂಕರ್ ಆಫ್ ಮಾಡಿ, ನಿಮ್ಮ ಫ್ರೀಕ್ವೆನ್ಸಿಯ ಎರಡೂ ಬದಿ 5 ಕಿಲೋಹರ್ಟ್ಸ್ ದೂರಕ್ಕೆ ಟ್ಯೂನ್ ಮಾಡಿ. ಚರಪರ ಸದ್ದು ಕೇಳಿದರೆ ಆ ರಿಸೀವರ್‌ನಲ್ಲಿ 10 ಡಿಬಿ ಅಟೆನ್ಯುಯೇಟರ್ (ಒಳಬರುವ ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ. ಸದ್ದೂ 10 ಡಿಬಿಯಷ್ಟೇ ಇಳಿದರೆ ದೋಷ ನಿಮ್ಮ ಸಿಗ್ನಲ್‌ನದು. ಅದಕ್ಕಿಂತ ಬಹಳ ಹೆಚ್ಚು ಇಳಿದರೆ ರಿಸೀವರೇ ಓವರ್‌ಲೋಡ್ ಆಗಿದೆ. ನಿಮ್ಮ ಸ್ಪ್ಲ್ಯಾಟರ್ ಬಗ್ಗೆ ಬೇರೆ ಸ್ಟೇಷನ್ ದೂರು ಕೊಟ್ಟಿದ್ದರೆ ಅವರಿಗೂ ಇದೇ ಅಟೆನ್ಯುಯೇಟರ್ ಪರೀಕ್ಷೆ ಮಾಡಲು ಹೇಳಿ.

ದೋಷ ನಿಮ್ಮದೇ ಆದರೆ ಮೊದಲು ಲೀನಿಯರ್ (ರಿಗ್‌ನ ನಂತರ ಜೋಡಿಸುವ ಹೊರಗಿನ ಪವರ್ ಆಂಪ್ಲಿಫೈಯರ್) ಬೈಪಾಸ್ ಮಾಡಿ. ಸದ್ದು ನಿಂತರೆ ಲೀನಿಯರ್‌ಗೆ ಡ್ರೈವ್ ಹೆಚ್ಚಾಗಿದೆ, ಅಥವಾ ಅದರ ಟ್ಯೂನಿಂಗ್ ಸರಿಯಿಲ್ಲ. ನಿಲ್ಲದಿದ್ದರೆ ಕಂಪ್ರೆಸರ್ ಆಫ್ ಮಾಡಿ, ಮೈಕ್ ಗೇನ್‌ನಿಂದ ಮತ್ತೆ ಶುರುಮಾಡಿ.