ವಿಮಾನ ಪ್ರಯಾಣದ ಅವಧಿ ತಿಳಿಯಲು ಒಂದು ಸುಲಭ ಲೆಕ್ಕ
ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರವನ್ನು ಕಿಲೋಮೀಟರುಗಳಲ್ಲಿ ನೋಡಿಕೊಂಡು, ಜೆಟ್ ವಿಮಾನವಾದರೆ 800ರಿಂದಲೂ, ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ಆದರೆ 500ರಿಂದಲೂ ಭಾಗಿಸಿ, ಬಂದ ಉತ್ತರಕ್ಕೆ ಅರ್ಧ ಗಂಟೆ ಕೂಡಿಸಿದರೆ ಪ್ರಯಾಣದ ಅವಧಿ ಹೆಚ್ಚುಕಡಿಮೆ ಸಿಗುತ್ತದೆ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯುವುದು ಇವಿಷ್ಟಕ್ಕೆ ದೂರ ಎಷ್ಟಿದ್ದರೂ ಬಹುಮಟ್ಟಿಗೆ ಅಷ್ಟೇ ಹೊತ್ತು ಹಿಡಿಯುವುದರಿಂದ ಈ ಅರ್ಧ ಗಂಟೆ ಬೇಕಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 400 ಕಿ.ಮೀ. ದಾಟಿದರೂ ಆಕಾಶಮಾರ್ಗದಲ್ಲಿ ಸುಮಾರು 370. ಅಂದರೆ ಎಟಿಆರ್‌ನಲ್ಲಿ ಒಂದೂಕಾಲು ಗಂಟೆ. ದೆಹಲಿಯಿಂದ ಲಂಡನ್ನಿನಂಥ ದೂರದ ಪಶ್ಚಿಮ ಪ್ರಯಾಣದಲ್ಲಿ ಎದುರುಗಾಳಿಯಿಂದಾಗಿ ಈ ಲೆಕ್ಕ ತಪ್ಪುತ್ತದೆ. ನಡುವೆ ವಿಮಾನ ಬದಲಿಸುವವರು ಪ್ರತಿ ಹಾರಾಟವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಗದಗ, ಹಾವೇರಿಯವರು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ತಲುಪುವ ಸಮಯವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.