ಫ್ಲಾಟಿನ ಲೀಸ್ 80 ವರ್ಷಕ್ಕೆ ಇಳಿಯುವ ಮೊದಲು

ಇಂಗ್ಲೆಂಡಿನಲ್ಲಿ ಫ್ಲಾಟ್ ಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮೂರ ಕಡೆ ಲೀಸ್ ಅಂದರೆ ಓನರ್‌ಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಹಣ ವಾಪಸ್. ಇಲ್ಲಿಯದು ಬೇರೆ. ಪೂರ್ತಿ ಬೆಲೆ ಕೊಟ್ಟರೂ ನಮಗೆ ಸಿಗುವುದು ಇಂತಿಷ್ಟು ವರ್ಷ ಅಲ್ಲಿರುವ ಹಕ್ಕು ಮಾತ್ರ. ನೆಲ ಅದರ ಮಾಲೀಕರದ್ದೇ, ಅವರನ್ನು ಫ್ರೀಹೋಲ್ಡರ್ ಅನ್ನುತ್ತಾರೆ.

ನನ್ನ ಫ್ಲಾಟ್ ರೆಡಿಂಗ್‌ನಲ್ಲಿದೆ. 2019ರಲ್ಲಿ ಕೊಳ್ಳುವಾಗ ಏಜೆಂಟ್ 'ಇನ್ನೂ 85 ವರ್ಷ ಇದೆ' ಎಂದಿದ್ದರು. ಆ 85 ನನ್ನ ತಲೆಯಲ್ಲಿ ಹಾಗೇ ಕೂತಿತ್ತು. 2024ರ ಜುಲೈ ಕೊನೆಯಲ್ಲಿ ಮಾರ್ಟ್‌ಗೇಜ್ ಬದಲಾಯಿಸುವಾಗ ಲೀಸ್ ಪತ್ರ ತೆಗೆದು ನೋಡಿದೆ. 2006ರ ಜನವರಿ 1ರಿಂದ 99 ವರ್ಷ. ಎಣಿಸಿದರೆ ಉಳಿದದ್ದು 80 ವರ್ಷ, ಐದು ತಿಂಗಳು. ಎದೆ ಧಸಕ್ಕೆಂದಿತು.

ಯಾಕೆಂದರೆ 80 ಬರೀ ಒಂದು ಸಂಖ್ಯೆಯಲ್ಲ. ಫ್ರೀಹೋಲ್ಡರ್‌ಗೆ ಹಣ ಕೊಟ್ಟು ಲೀಸಿನ ಅವಧಿ ಹಿಗ್ಗಿಸಿಕೊಳ್ಳಬಹುದು. ಹಿಗ್ಗಿಸಿದ ಮೇಲೆ ಫ್ಲಾಟಿನ ಬೆಲೆ ಏರುತ್ತದಲ್ವಾ, ಅದರಿಂದ ಹುಟ್ಟುವ ಲಾಭಕ್ಕೆ ಮ್ಯಾರೇಜ್ ವ್ಯಾಲ್ಯೂ ಅನ್ನುತ್ತಾರೆ. 80 ವರ್ಷಕ್ಕಿಂತ ಒಂದು ದಿನ ಜಾಸ್ತಿ ಉಳಿದಿದ್ದರೂ ಅದು ಲೆಕ್ಕಕ್ಕಿಲ್ಲ. 80ಕ್ಕೆ ಇಳಿದರೆ ಅದರಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಕೊಡಬೇಕು. ಇನ್ನೂ ಇಳಿದರೆ ಎಷ್ಟೋ ಬ್ಯಾಂಕ್‌ಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ, ಆಗ ಮಾರುವುದೂ ಕಷ್ಟ.

ಹಾಗಾಗಿ ಮೊದಲು ನಿಮ್ಮ ಲೀಸ್ ಯಾವತ್ತು ಶುರುವಾಯಿತು ಅಂತ ನೋಡಿ. ನೀವು ಕೊಂಡ ದಿನದಿಂದ ಎಣಿಸಬೇಡಿ. ಪತ್ರ ಸಿಗದಿದ್ದರೆ ಆಸ್ತಿ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಿಂದ ದಾಖಲೆ ತರಿಸಿಕೊಳ್ಳಬಹುದು. 2024ರ ಡಿಸೆಂಬರ್‌ನಿಂದ ಅದಕ್ಕೆ 7 ಪೌಂಡ್. ಸುಮಾರು ಎಷ್ಟು ಖರ್ಚಾಗಬಹುದು ಅನ್ನುವುದಕ್ಕೆ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನ ಕ್ಯಾಲ್ಕುಲೇಟರ್ ಉಚಿತವಾಗಿ ಸಿಗುತ್ತದೆ.

ನಾನು ಫ್ರೀಹೋಲ್ಡರ್ ಕಚೇರಿಗೆ ಫೋನ್ ಮಾಡಿದೆ. 'ಕಾನೂನಿನ ದಾರಿ ಯಾಕೆ, ನಾವೇ ಮಾತಾಡಿ ಮುಗಿಸೋಣ' ಅಂದರು. 7,000 ಪೌಂಡ್‌ಗೆ 45 ವರ್ಷ ಜಾಸ್ತಿ. ಆದರೆ ವರ್ಷಕ್ಕೆ 250 ಪೌಂಡ್ ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕೊಡುವ ನೆಲಬಾಡಿಗೆ) ಮಾತ್ರ ಹಳೆಯ ಅವಧಿ ಮುಗಿಯುವ ತನಕ ಹಾಗೇ ಇರುತ್ತದೆ. 1993ರ ಕಾನೂನಿನ ದಾರಿಯಲ್ಲಿ ಹೋದರೆ 90 ವರ್ಷ ಸೇರುತ್ತದೆ, ಗ್ರೌಂಡ್ ರೆಂಟ್ ಪೂರ್ತಿ ಹೋಗುತ್ತದೆ. ಇನ್ನೊಂದು ವಿಷಯ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡಿತು. ಬಾಯಿಮಾತಿನಲ್ಲಿ ಎಷ್ಟು ತಿಂಗಳು ಕಳೆದರೂ ಲೀಸ್ ಸವೆಯುತ್ತಲೇ ಇರುತ್ತದೆ. ಆ ಕಾನೂನಿನ ಪ್ರಕಾರ ಲೀಸ್ ಹಿಗ್ಗಿಸಲು ಕೇಳುವ ಸೆಕ್ಷನ್ 42 ನೋಟಿಸ್ ಕೊಟ್ಟರೆ ಲೆಕ್ಕ ಆ ದಿನಕ್ಕೇ ನಿಲ್ಲುತ್ತದೆ. ಆಮೇಲೆ ಮಾತುಕತೆ ಎಷ್ಟು ಎಳೆದರೂ ಬೆಲೆ ಕಟ್ಟುವುದು ನೋಟಿಸ್ ಕೊಟ್ಟ ದಿನದ ಲೆಕ್ಕದಲ್ಲೇ.

ಸಾಲಿಸಿಟರ್, ಅಂದರೆ ಈ ಕಾಗದಪತ್ರ ನೋಡುವ ವಕೀಲರ ವಿಷಯದಲ್ಲಿ ಹುಷಾರಾಗಿರಿ. ಮನೆ ಕೊಳ್ಳುವಾಗ ಇದ್ದವರಿಗೇ ಮೊದಲು ಕೊಟ್ಟೆ, ನಾಲ್ಕು ವಾರ ಉತ್ತರವೇ ಬರಲಿಲ್ಲ. ಲೀಸ್ ಹಿಗ್ಗಿಸುವ ಕೆಲಸವನ್ನೇ ಮಾಡುವವರನ್ನು ಹುಡುಕಿ. ನೋಟಿಸ್‌ನಲ್ಲಿ ದೊಡ್ಡ ತಪ್ಪಿದ್ದರೆ ಅದು ಅಸಿಂಧು ಆಗಬಹುದು. ಬೆಲೆ ಕಟ್ಟಲು ಅನುಭವ ಇರುವ ಸರ್ವೇಯರ್ ಬೇಕೇ ಬೇಕು. ನಮ್ಮ ಕಟ್ಟಡದಲ್ಲಿ ಎಲ್ಲರ ಲೀಸೂ ಒಂದೇ ದಿನದ್ದು. ನಾನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದೆ, ಇಬ್ಬರು ಸೇರಿಕೊಂಡರು. ಸರ್ವೇಯರ್ ಒಂದೇ ದಿನ ಮೂರೂ ಫ್ಲಾಟ್ ನೋಡಿದ್ದರಿಂದ ಫೀಸ್ ಕಮ್ಮಿಯಾಯಿತು. ನಿಮ್ಮ ಅಕ್ಕಪಕ್ಕದವರಿಗೂ ದಯವಿಟ್ಟು ಹೇಳಿ, ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಅಕ್ಟೋಬರ್‌ನಲ್ಲಿ ನೋಟಿಸ್ ಹೋಯಿತು. ನಾವು ಹೇಳಿದ್ದು 6,500 ಪೌಂಡ್. ಫ್ರೀಹೋಲ್ಡರ್ ಡೆಪಾಸಿಟ್ ಕೇಳಬಹುದು. ನಾವು ಹೇಳಿದ ಬೆಲೆಯ ಶೇ. 10 ಅಥವಾ 250 ಪೌಂಡ್, ಯಾವುದು ಜಾಸ್ತಿಯೋ ಅದು. ನಾನು 650 ಕಟ್ಟಿದೆ. ಅವರಿಗೆ ಉತ್ತರ ಕೊಡಲು ಕನಿಷ್ಠ ಎರಡು ತಿಂಗಳ ಗಡುವು ಇಡಬೇಕು. ನಮಗೆ ಕೊನೆಯ ವಾರದಲ್ಲಿ ಬಂತು: 12,500. ಹೆದರಬೇಡಿ, ಎರಡೂ ಕಡೆಯವರು ಹೀಗೇ ಶುರು ಮಾಡುತ್ತಾರೆ. ಸರ್ವೇಯರ್‌ಗಳು ಮಾತಾಡಿ 8,900ಕ್ಕೆ ಇಳಿಸಿದರು.

ಒಪ್ಪಂದ ಆಗದಿದ್ದರೆ ಇಂಥ ತಕರಾರು ತೀರ್ಮಾನಿಸುವ ಟ್ರಿಬ್ಯುನಲ್‌ಗೆ ಹೋಗಬಹುದು. ಅವರ ಉತ್ತರ ಬಂದ ಎರಡು ತಿಂಗಳ ನಂತರ, ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು. ಈ ಆರು ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ. ತಪ್ಪಿದರೆ ನೋಟಿಸ್ ಬಿದ್ದುಹೋಗುತ್ತದೆ. ನನಗೆ ಹಾಗಾಗಿದ್ದರೆ ಹೊಸ ನೋಟಿಸ್ ಹೋಗುವಷ್ಟರಲ್ಲಿ 80 ದಾಟಿ ಕೆಳಗೆ ಇಳಿದಿರುತ್ತಿತ್ತು.

ಖರ್ಚು ಬರೀ ಆ ಬೆಲೆಯಲ್ಲಿ ಮುಗಿಯುವುದಿಲ್ಲ. ಫ್ರೀಹೋಲ್ಡರ್‌ನ ವಕೀಲರ ಮತ್ತು ಸರ್ವೇಯರ್ ಫೀಸೂ ನಾನೇ ಕೊಡಬೇಕಾಯಿತು. ಎರಡೂ ಕಡೆ ಸೇರಿ ಇನ್ನೂ 4,300 ಪೌಂಡ್ ಆಯಿತು.

ಹೊಸ ಕಾನೂನಿಗೆ ಕಾಯಬೇಕಾ ಅಂತ ತುಂಬಾ ಜನ ಕೇಳುತ್ತಾರೆ. 2024ರ ಮೇನಲ್ಲಿ ಪಾಸಾದ ಕಾನೂನಿನಲ್ಲಿ 990 ವರ್ಷ ಸೇರಿಸುವುದು, ಮ್ಯಾರೇಜ್ ವ್ಯಾಲ್ಯೂ ತೆಗೆದುಹಾಕುವುದು ಎಲ್ಲ ಇದೆ. ಆದರೆ ಪಾಸಾಗುವುದು ಬೇರೆ, ಜಾರಿಗೆ ಬರುವುದು ಬೇರೆ. ಕೊಂಡು ಎರಡು ವರ್ಷ ಆಗಿರಬೇಕು ಅನ್ನುವ ಹಳೆಯ ನಿಯಮ 2025ರ ಜನವರಿ 31ಕ್ಕೆ ಹೋಯಿತು. ಉಳಿದ ಭಾಗಗಳು ಯಾವ ಹಂತದಲ್ಲಿವೆ ಎಂದು ನೋಟಿಸ್ ಕೊಡುವ ಮೊದಲು ಸಾಲಿಸಿಟರ್ ಹತ್ತಿರ ಕೇಳಿ. ನಿಮ್ಮದು ಈಗಾಗಲೇ 80ಕ್ಕಿಂತ ಕೆಳಗಿದ್ದು, ಮಾರುವ ಯೋಚನೆಯೂ ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥ ಇರಬಹುದು. ನನ್ನ ಹಾಗೆ ಅಂಚಿನಲ್ಲಿದ್ದರೆ ನಾನಂತೂ ಕಾಯುವುದಿಲ್ಲ.

ಸಹಿ ಆದ ಮೇಲೂ ಸಾಲಿಸಿಟರ್ ಬೆನ್ನು ಬಿಡಬೇಡಿ. ಹೊಸ ಲೀಸ್ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾಗಬೇಕು. ದಾಖಲಾದ ಪ್ರತಿ ತರಿಸಿಕೊಂಡು, ಕೊನೆಯಾಗುವ ವರ್ಷವನ್ನು ನೀವೇ ಓದಿ ನೋಡಿ. ನನ್ನದರಲ್ಲಿ 2105 ಇದ್ದದ್ದು ಈಗ 2195 ಆಗಿದೆ.