ಹಳೇ ಡಿ ಅಂಡ್ ಡಿ ಪಾತ್ರವನ್ನು ಹೊಸ ನಿಯಮಕ್ಕೆ ತರುವುದು ಹೇಗೆ?

ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ, ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಲ್ವಾ? ಅದರ ಐದನೇ ಆವೃತ್ತಿ ಬಂದದ್ದು 2014ರಲ್ಲಿ. ಅದನ್ನೇ ತಿದ್ದಿ 2024ರ ಸೆಪ್ಟೆಂಬರ್‌ನಲ್ಲಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಂದರು. ಕ್ಯಾಂಪೇನ್ (ಹಲವು ಆಟಗಳಲ್ಲಿ ಮುಂದುವರಿಯುವ ಕಥೆ) ನಡುವೆಯೇ ಹೊಸ ನಿಯಮಕ್ಕೆ ದಾಟಿದ ಹಲವರ ಶೀಟ್, ಅಂದರೆ ಪಾತ್ರದ ವಿವರ ಬರೆಯುವ ಹಾಳೆ, ನೋಡಿದ್ದೇನೆ. ತಪ್ಪು ಆಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ.

1. ಖಾಲಿ ಶೀಟ್ ಮತ್ತು ಪೆನ್ಸಿಲ್ ತೆಗೆದುಕೊಳ್ಳಿ. ಹಳೇ ಶೀಟಿನ ಮೇಲೇ ತಿದ್ದಬೇಡಿ. ದುಡ್ಡು ಕೊಟ್ಟು ಪುಸ್ತಕ ತರುವ ಮೊದಲು ಎಸ್‌ಆರ್‌ಡಿ 5.2 (ಪ್ರಕಾಶಕರೇ ಕೊಟ್ಟ ನಿಯಮಗಳ ದಾಖಲೆ) ನೋಡಿ. ಮುಖ್ಯ ನಿಯಮಗಳೆಲ್ಲ ಅದರಲ್ಲಿ ಉಚಿತವಾಗಿ ಸಿಗುತ್ತವೆ.

2. ಈಗ ಕಷ್ಟದ ಕೆಲಸ. ಮೊದಲು ಕುಲಕ್ಕೆ ರೇಸ್ ಅನ್ನುತ್ತಿದ್ದರು, ಪಾತ್ರದ ಸಾಮರ್ಥ್ಯ ತೋರಿಸುವ ಅಂಕ ಏರುತ್ತಿದ್ದದ್ದೂ ಅದರಿಂದಲೇ. ಈಗ ಅದರ ಹೆಸರು ಸ್ಪೀಶೀಸ್. ಅಂಕ ಕೊಡುವುದು ಬ್ಯಾಕ್‌ಗ್ರೌಂಡ್, ಅಂದರೆ ಪಾತ್ರದ ಹಿಂದಿನ ಬದುಕು. ಹಳೇ ಏರಿಕೆ ಕಳೆಯದೆ ಹೊಸದನ್ನು ಕೂಡಿಸುವುದೇ ಎಲ್ಲರೂ ಮಾಡುವ ತಪ್ಪು. ಮೊದಲು ಕಳೆಯಿರಿ, ಆಮೇಲೆ ಕೂಡಿಸಿ.

ಮೂರನೇ ಲೆವೆಲ್‌ನ ಮೌಂಟನ್ ಡ್ವಾರ್ಫ್ (ಕುಳ್ಳರ ಒಂದು ಕುಲ) ಫೈಟರ್ (ಯೋಧ) ಒಬ್ಬನನ್ನು ತೆಗೆದುಕೊಳ್ಳೋಣ. ಶೀಟಿನಲ್ಲಿ ಸ್ಟ್ರೆಂಗ್ತ್ (ಬಲ) 17, ಕಾನ್‌ಸ್ಟಿಟ್ಯೂಶನ್ (ದೇಹದ ಗಟ್ಟಿತನ) 16. ಎರಡರಲ್ಲೂ ಕುಲದಿಂದ ಬಂದ 2 ಇದೆ. ಕಳೆದರೆ 15 ಮತ್ತು 14. ಸೋಲ್ಜರ್ ಬ್ಯಾಕ್‌ಗ್ರೌಂಡ್ ಆರಿಸಿದರೆ ಒಂದಕ್ಕೆ 2, ಇನ್ನೊಂದಕ್ಕೆ 1 ಸಿಗುತ್ತದೆ. ಫೈಟರ್ ಅಲ್ವಾ ಅಂತ 2 ಅಂಕವನ್ನು ಸ್ಟ್ರೆಂಗ್ತ್‌ಗೆ ಹಾಕಿದರೆ 17 ಮತ್ತು 15. ಆಗ ಕಾನ್‌ಸ್ಟಿಟ್ಯೂಶನ್ ಮಾಡಿಫೈಯರ್ (ಅಂಕದಿಂದ ಲೆಕ್ಕ ಹಾಕಿ ಡೈಸ್‌ಗೆ ಕೂಡಿಸುವ ಸಂಖ್ಯೆ) 3ರಿಂದ 2ಕ್ಕೆ ಇಳಿದು, ಲೆವೆಲ್‌ಗೊಂದರಂತೆ ಮೂರು ಹಿಟ್ ಪಾಯಿಂಟ್ (ಪೆಟ್ಟು ತಾಳುವ ಲೆಕ್ಕ) ಹೋಗುತ್ತದೆ. ತಿರುಗಿಸಿ ಹಾಕಿ: ಎರಡೂ 16. ಎರಡರ ಮಾಡಿಫೈಯರ್ ಕೂಡ ಮೊದಲಿನಂತೆ 3 ಆಗಿಯೇ ಉಳಿಯುತ್ತದೆ. ಹೊಸ ನಿಯಮದಲ್ಲಿ ಎಲ್ಲ ಡ್ವಾರ್ಫ್‌ಗಳಿಗೂ ಲೆವೆಲ್‌ಗೊಂದು ಹಿಟ್ ಪಾಯಿಂಟ್ ಜಾಸ್ತಿ ಇದೆ, ಓಟವೂ 25 ಅಡಿಯಿಂದ 30ಕ್ಕೆ ಏರಿದೆ. ಇವನ್ನು ಬರೆಯಲು ಮರೆಯಬೇಡಿ. ನಾಲ್ಕನೇ ಲೆವೆಲ್‌ನಲ್ಲಿ ಸಿಕ್ಕ ಏರಿಕೆ ಇದ್ದರೆ ಅದನ್ನು ಮುಟ್ಟಬೇಡಿ, ಅದು ಕ್ಲಾಸಿನಿಂದ (ಫೈಟರ್‌ನಂಥ ವೃತ್ತಿಯಿಂದ) ಬಂದದ್ದು.

ತಾನೇ ಬದಲಿಸಿಕೊಡುವ ರೆಡಿಮೇಡ್ ಶೀಟುಗಳನ್ನು ನಂಬಬೇಡಿ. ನಾನು ನೋಡಿದ ಒಂದು ಶೀಟು ಹಳೇ ಏರಿಕೆಯನ್ನು ಹಾಗೇ ಬಿಟ್ಟಿತ್ತು. ಕೈಲೆಕ್ಕ ಹತ್ತು ನಿಮಿಷದ ಕೆಲಸ.

3. ಬ್ಯಾಕ್‌ಗ್ರೌಂಡ್ ಜೊತೆ ಬರುವ ಆರಿಜಿನ್ ಫೀಟ್ (ಆರಂಭದಲ್ಲೇ ಸಿಗುವ ವಿಶೇಷ ಕೌಶಲ) ಬರೆದುಕೊಳ್ಳಿ. ಸೋಲ್ಜರ್‌ಗೆ ಸ್ಯಾವೇಜ್ ಅಟ್ಯಾಕರ್.

4. ಸಬ್‌ಕ್ಲಾಸ್ (ಕ್ಲಾಸಿನ ಒಳವಿಭಾಗ) ಈಗ ಎಲ್ಲರಿಗೂ ಮೂರನೇ ಲೆವೆಲ್‌ಗೇ. ಒಂದನೇ ಲೆವೆಲ್‌ನ ಕ್ಲೆರಿಕ್‌ಗೆ (ಪುರೋಹಿತ) ತನ್ನ ಸಬ್‌ಕ್ಲಾಸ್ ಆದ ಡೊಮೇನ್ ಇನ್ನೂ ಇಲ್ಲ.

5. ಫೈಟರ್ ಆದರೆ ಮೂರು ಆಯುಧಕ್ಕೆ ವೆಪನ್ ಮಾಸ್ಟರಿ (ಆಯುಧಕ್ಕೊಂದು ವಿಶೇಷ ಪಟ್ಟು) ಆರಿಸಿ. ಮೊದಲ ಸಲಕ್ಕೆ ಗ್ರೇಟ್‌ಸ್ವೋರ್ಡ್‌ನ ಗ್ರೇಜ್ ಸಾಕು. ಏಟು ತಪ್ಪಿದರೂ ಸ್ಟ್ರೆಂಗ್ತ್ ಮಾಡಿಫೈಯರ್‌ನಷ್ಟು ಪೆಟ್ಟು ಬೀಳುತ್ತದೆ, ನಮ್ಮ ಡ್ವಾರ್ಫ್‌ಗೆ 3. ಎದುರಾಳಿಯನ್ನು ಕೆಡವುವ ಟಾಪಲ್ ಬೇಡ. ಏಟು ಬಿದ್ದಾಗೆಲ್ಲ ಎದುರಾಳಿ ಸೇವ್ (ಪರಿಣಾಮದಿಂದ ತಪ್ಪಿಸಿಕೊಳ್ಳುವ ಡೈಸ್) ಉರುಳಿಸಬೇಕು. ಕಾಳಗ ಸುಮ್ನೆ ಎಳೆಯುತ್ತದೆ.

6. ಪೋಷನ್ (ಗಾಯ ವಾಸಿಮಾಡುವ ಮದ್ದು) ಕುಡಿಯುವುದು ಈಗ ಬೋನಸ್ ಆಕ್ಷನ್, ಅಂದರೆ ಸರದಿಯಲ್ಲಿ ಮುಖ್ಯ ಕೆಲಸದ ಜೊತೆ ಮಾಡುವ ಚಿಕ್ಕ ಕೆಲಸ. ಗಾಯ ವಾಸಿಮಾಡುವ ಸ್ಪೆಲ್ (ಮಂತ್ರ) ಕ್ಯೂರ್ ವೂಂಡ್ಸ್‌ಗೆ ಒಂದರ ಬದಲು ಎರಡು ಡಿ8 (ಎಂಟು ಮುಖದ ಡೈಸ್).

ಗುಂಪಿನಲ್ಲಿ ಪ್ಯಾಲಡಿನ್ (ಪವಿತ್ರ ಯೋಧನ ಕ್ಲಾಸ್) ಆಡುವವರು ಇದ್ದರೆ ಅವರಿಗೆ ಆಟದ ಹಿಂದಿನ ದಿನವೇ ಫೋನ್ ಮಾಡಿ. ಏಟಿಗೆ ದೈವಿಕ ಪೆಟ್ಟು ಸೇರಿಸುವ ಅವರ ಡಿವೈನ್ ಸ್ಮೈಟ್ ಈಗ ಬೋನಸ್ ಆಕ್ಷನ್‌ನಲ್ಲಿ ಹಾಕುವ ಸ್ಪೆಲ್, ಒಂದು ಸರದಿಯಲ್ಲಿ ಒಂದೇ ಸಲ. ಕಾಳಗದ ನಡುವೆ ಅದನ್ನು ಹೇಳಿದರೆ ಅವರಿಗೆ ಬೇಜಾರಾಗುತ್ತದೆ.